ಜೀಪಿನ ಮೌಂಟಿಂಗ್: ಖರ್ಚು ಕಡಿಮೆಯಾಗಲಿ, ರಬ್ಬರು ಕಲ್ಲಾಗುವುದು ಬೇಡ

ನಮ್ಮ ಬೀಗರ ಊರು ಕಲಬುರಗಿ ಸಮೀಪದ ತಾಜಸುಲ್ತಾನಪುರ. ಕಳೆದ ಬೇಸಗೆಯಲ್ಲಿ ಅಲ್ಲಿಗೆ ಹೋಗಿದ್ದಾಗ ಅವರ ಹಳೆಯ ಎಂಎಂ 540 ಜೀಪಿನಲ್ಲಿ ತೊಗರಿ ಹೊಲದವರೆಗೆ ಹೋಗಿಬಂದೆವು. ಕಳಸದಲ್ಲಿರುವ ನನ್ನ ಜೀಪೂ ಅದೇ ಮಾದರಿಯದು. ಆದರೆ ಅವರ ಗೇರಿನ ಕೋಲು ಕೈಯಲ್ಲಿ ನಡುಗುವುದಿಲ್ಲ, ಕ್ಲಚ್ಚು ಬಿಟ್ಟಾಗ ಎಂಜಿನ್ ಹಾರಿಬೀಳುವುದಿಲ್ಲ. ಮೌಂಟಿಂಗ್ ಯಾವಾಗ ಬದಲಾಯಿಸಿದಿರಿ ಎಂದು ಕೇಳಿದೆ. "ನೆನಪಿಲ್ರಿ ಬೀಗರ, ಯಾವಾಗೋ ಒಮ್ಮೆ ಹಾಕ್ಸೀವಿ ನೋಡ್ರಿ" ಎಂದರು. ನಾನು ಎರಡು ಕೊಯ್ಲಿನೊಳಗೆ ಎರಡು ಜೊತೆ ಹಾಕಿಸಿದ್ದೆ. ಊರಿಗೆ ಮರಳುವಾಗ ದಾರಿಯುದ್ದಕ್ಕೂ ಇದೇ ಯೋಚನೆ.

ಕಾರಣ ಕಷ್ಟದ್ದಲ್ಲ. ಅವರದು ಸಮತಟ್ಟಾದ ಎರೆನೆಲ. ನಮ್ಮದು ತೋಟದ ಏರು, ಮೊದಲ ಗೇರು, ಅದರ ಮೇಲೆ ಲೋ ಗೇರು. ಮೊದಲ ಗೇರು ಎಂಜಿನಿನ ತಿರುಚುಬಲವನ್ನು ಮೂರು ನಾಲ್ಕು ಪಟ್ಟು ಮಾಡುತ್ತದೆ. ಲೋ ಗೇರು ಅದನ್ನು ಮತ್ತೆ ಎರಡು ಎರಡೂವರೆ ಪಟ್ಟು ಮಾಡುತ್ತದೆ. ಜೀಪಿನಲ್ಲಿ ಎಂಜಿನ್, ಗೇರ್‌ಬಾಕ್ಸ್, ಲೋ ಗೇರಿನ ಪೆಟ್ಟಿಗೆ ಮೂರೂ ಒಂದೇ ಮುದ್ದೆಯಾಗಿ ಬೋಲ್ಟಾಗಿರುವುದರಿಂದ, ಹೀಗೆ ಹೆಚ್ಚಿದ ಅಷ್ಟೂ ತಿರುಚುಬಲದ ಪ್ರತಿಬಲವನ್ನು ಆ ಅಂಗೈಯಗಲದ ರಬ್ಬರುಗಳೇ ತಡೆಯಬೇಕು. ಇದರ ಜೊತೆಗೆ ನಮ್ಮ ಎಂಜಿನುಗಳಿಂದ ತೊಟ್ಟಿಕ್ಕುವ ಆಯಿಲ್ ಬೇರೆ. ಎಣ್ಣೆ ಕುಡಿದ ರಬ್ಬರು ಊದಿಕೊಂಡು ಮೆತ್ತಗಾಗುತ್ತದೆ, ಕೊನೆಗೆ ಕಬ್ಬಿಣದ ತಗಡಿನಿಂದ ಬಿಟ್ಟುಕೊಳ್ಳುತ್ತದೆ.

ಹೀಗಾದಾಗ ನಾವು ಮಾಡುವುದೇನು? ಹಳೆಯ ಟಯರಿನ ತುಂಡು ಕತ್ತರಿಸಿ, ಎರಡು ವಾಷರ್ ಇಟ್ಟು, ಬೋಲ್ಟು ಬಿಗಿದುಬಿಡುವುದು. ನಾನೂ ಹಾಗೆಯೇ ಮಾಡಿಸಿದೆ. ಮೊದಲ ವಾರ ಎಂಜಿನ್ ಅಲುಗಾಡದೆ ನಿಂತಿತು. ಖರ್ಚು ಉಳಿಯಿತೆಂದು ಹಿಗ್ಗಿದೆ. ಕೊಯ್ಲು ಮುಗಿಯುವುದರೊಳಗೆ ಸೈಲೆನ್ಸರ್ ಪೈಪು ಕುತ್ತಿಗೆಯಲ್ಲಿ ಮುರಿಯಿತು, ಚಾಸಿಯ ಬ್ರಾಕೆಟ್ಟು ವೆಲ್ಡಿಂಗ್ ಬಳಿ ಸೀಳಿತು. ಉಳಿಸಿದ ಹಣದ ಹಲವು ಪಟ್ಟು ಗ್ಯಾರೇಜಿಗೆ ಹೋಯಿತು. ತಪ್ಪು ಮಿಸ್ತ್ರಿಯದಲ್ಲ. ಅಗ್ಗಕ್ಕೆ ಗಟ್ಟಿ ಮಾಡಿಕೊಡು ಎಂದವನು ನಾನೇ.

ಮೌಂಟಿಂಗ್ ಮೆತ್ತಗಿರುವುದು ದೋಷವಲ್ಲ, ಅದರ ಕೆಲಸವೇ ಅದು. ನಾಲ್ಕು ಸಿಲಿಂಡರಿನ ಎಂಜಿನ್ ನಿಂತಲ್ಲೇ ನಿಮಿಷಕ್ಕೆ 750 ಸುತ್ತು ತಿರುಗುತ್ತದೆ ಎಂದಿಟ್ಟುಕೊಳ್ಳಿ. ಸುತ್ತಿಗೆ ಎರಡು ಹೊಡೆತದಂತೆ ಸೆಕೆಂಡಿಗೆ 25 ಹೊಡೆತ. ರಬ್ಬರು ಮೆತ್ತಗಿದ್ದರೆ ಆ ಹೊಡೆತ ಅಲ್ಲಿಯೇ ಅಡಗುತ್ತದೆ. ಕಲ್ಲಿನಂತಾದರೆ ನೇರವಾಗಿ ಚಾಸಿಗೆ, ರೇಡಿಯೇಟರಿಗೆ, ಕೂತವರ ಬೆನ್ನಿಗೆ ಹೋಗುತ್ತದೆ. ಒಂದನ್ನು ಮಾತ್ರ ಗಟ್ಟಿ ಮಾಡಿ ಉಳಿದವನ್ನು ಮೆತ್ತಗೆ ಬಿಡುವುದು ಇನ್ನೂ ಕೆಟ್ಟದ್ದು. ಎಲ್ಲ ಭಾರವೂ ಅಲ್ಲಿಗೇ ಬಿದ್ದು ಗೇರ್‌ಬಾಕ್ಸಿನ ಕಿವಿ ಒಡೆಯಬಹುದು.

ಕಾರಿನ ಗಾಜು ಅಂಟಿಸುವ ಪಾಲಿಯುರೆಥೇನ್ ಅಂಟನ್ನು ಮೌಂಟಿಂಗಿನ ಸಂದುಗಳಿಗೆ ತುಂಬುವ ಉಪಾಯವನ್ನು ಈಗ ಕೆಲವರು ಹೇಳುತ್ತಾರೆ. ನಡುವೆ ಟೊಳ್ಳಿರುವ ಮೌಂಟಿಂಗಿಗೆ, ರಬ್ಬರು ಇನ್ನೂ ಹರಿಯದಿದ್ದರೆ, ತಾತ್ಕಾಲಿಕವಾಗಿ ಅದು ನಡೆದೀತು. ಎಣ್ಣೆಯನ್ನು ಚೆನ್ನಾಗಿ ಒರೆಸಿ, ಅಂಟು ಪೂರ್ತಿ ಒಣಗಲು ಬಿಡಬೇಕು. ನಮ್ಮ ಹಳೆಯ ಜೀಪುಗಳ ಮೌಂಟಿಂಗ್ ಎರಡು ತಗಡಿನ ನಡುವಿನ ಇಡೀ ರಬ್ಬರು. ಅಲ್ಲಿ ತುಂಬಲು ಸಂದೇ ಇಲ್ಲ. ತಗಡಿನಿಂದ ಬಿಟ್ಟುಕೊಂಡದ್ದನ್ನು ಯಾವ ಅಂಟೂ ಉಳಿಸಲಾರದು.

ಇದನ್ನು ಬರಿಯ ಅಲುಗಾಟದ ವಿಷಯವೆಂದು ತಿಳಿಯಬಾರದು. 1971ರ ಡಿಸೆಂಬರಿನಲ್ಲಿ ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿ ಸುಮಾರು 67 ಲಕ್ಷ ವಾಹನಗಳನ್ನು ಹಿಂದಕ್ಕೆ ಕರೆಯಬೇಕಾಯಿತು. ಮೌಂಟಿಂಗ್ ಹರಿದು ಎಂಜಿನ್ ಮೇಲೆದ್ದಾಗ ಆಕ್ಸಿಲರೇಟರ್ ತಾನಾಗಿ ಎಳೆದುಕೊಳ್ಳುತ್ತಿತ್ತು. ಆ ಕಂಪನಿ ಮಾಡಿದ ರಿಪೇರಿ ನಮಗೂ ಪಾಠ. ಮೌಂಟಿಂಗ್ ಹರಿದರೂ ಎಂಜಿನ್ ಮೇಲೇಳದಂತೆ ಅದನ್ನು ಹಿಡಿದಿಡುವ ಒಂದು ಕಟ್ಟು ಹಾಕಿಕೊಟ್ಟಿತು, ಅಷ್ಟೆ. ಹಿಂದೆ ಆಳುಗಳನ್ನು ಕೂರಿಸಿಕೊಂಡು ಇಳಿಜಾರಿನಲ್ಲಿ ಬರುವ ನಾವು ಇದನ್ನು ಮರೆಯಬಾರದು.

ನನ್ನ ಸಲಹೆ ಇಷ್ಟು. ಕೊಯ್ಲಿಗೆ ಮೊದಲು ಒಮ್ಮೆ ಪರೀಕ್ಷೆ ಮಾಡಿ. ಚಕ್ರಕ್ಕೆ ಕಲ್ಲು ಕೊಟ್ಟು, ಚಾಲಕ ಬ್ರೇಕು ಒತ್ತಿ ಹಿಡಿದು, ಮೊದಲ ಗೇರಿನಲ್ಲಿ ಕ್ಲಚ್ಚನ್ನು ಸ್ವಲ್ಪವೇ ಬಿಡಲಿ. ನೀವು ಪಕ್ಕಕ್ಕೆ ನಿಂತು ನೋಡಿ, ಮುಂದೆ ನಿಲ್ಲಬೇಡಿ. ಸೀಟಿನಿಂದ ನೋಡುವಾಗ ಎಡಗಡೆಯ ಭಾಗ ಬೆರಳಗಲಕ್ಕಿಂತ ಹೆಚ್ಚು ಎದ್ದರೆ ಆ ಮೌಂಟಿಂಗ್ ಮುಗಿಯಿತು. ಮೊದಲು ಆಯಿಲ್ ಸೋರಿಕೆ ನಿಲ್ಲಿಸಿ, ಆಮೇಲೆ ಹೊಸದು ಹಾಕಿ. ಎಡ ಬಲ ಎರಡನ್ನೂ ಜೊತೆಯಾಗಿಯೇ ಬದಲಾಯಿಸಿ, ಹಿಂದಿನ ಗೇರ್‌ಬಾಕ್ಸ್ ಮೌಂಟಿಂಗನ್ನೂ ನೋಡಿ. ಜ್ಯಾಕಿನ ಮೇಲೆ ಹಲಗೆ ಇಟ್ಟು ಎಂಜಿನ್ ಎತ್ತಿ, ಸಂದಿನಲ್ಲಿ ಕೈ ಹಾಕಬೇಡಿ. ಎಂಜಿನ್ ತನ್ನ ಭಾರದಲ್ಲಿ ಕೂತಮೇಲೆ ಬೋಲ್ಟು ಬಿಗಿಯಿರಿ. ಎಡಗಡೆಗೆ ಎಂಜಿನಿನಿಂದ ಚಾಸಿಗೆ ಒಂದು ಗಟ್ಟಿ ಸರಪಳಿಯನ್ನು ಬೆರಳಗಲ ಸಡಿಲವಿಟ್ಟು ಹಾಕಿಸಿ. ದಿನನಿತ್ಯ ಅದು ಸುಮ್ಮನಿರುತ್ತದೆ, ರಬ್ಬರು ಹರಿದ ದಿನ ಕಾಯುತ್ತದೆ. ನನಗೆ ಮುಂದಿನ ಜೋಡಿಗೆ ತಗುಲಿದ್ದು ಒಂದೆರಡು ಆಳಿನ ದಿನಗೂಲಿಯಷ್ಟೆ.

ಕೊನೆಯದಾಗಿ ನಮ್ಮ ಸಂಘಕ್ಕೆ ಒಂದು ಅರಿಕೆ. ಅಂಗಡಿಯಲ್ಲಿ ಸಿಗುವ ಮೌಂಟಿಂಗುಗಳಲ್ಲಿ ಹಳೆಯ ರಬ್ಬರು ಅರೆದು ಮಾಡಿದ್ದು ಯಾವುದು, ಒಳ್ಳೆಯ ರಬ್ಬರಿನದು ಯಾವುದು ಎಂದು ಒಬ್ಬ ಬೆಳೆಗಾರನಿಗೆ ತಿಳಿಯುವುದಿಲ್ಲ. ಸುಳ್ಯ ಪುತ್ತೂರಿನ ಕಡೆ ಅಡಿಕೆಯ ಪಕ್ಕದಲ್ಲೇ ರಬ್ಬರು ಬೆಳೆಯುವ ನಾಡು ನಮ್ಮದು. ಒಬ್ಬೊಬ್ಬರೇ ಮಾರಿದರೆ ಬೆಲೆ ಸಿಗದೆಂದು ಅಡಿಕೆ ಬೆಳೆಗಾರರು 1973ರಲ್ಲಿ ಕ್ಯಾಂಪ್ಕೊ ಕಟ್ಟಿದರು. ಕೊಳ್ಳುವುದಕ್ಕೂ ಅದೇ ನ್ಯಾಯ. ಗೊಬ್ಬರ, ಮೈಲುತುತ್ತದ ಜೊತೆಗೆ ನಾಲ್ಕಾರು ಮಾದರಿಯ ಒಳ್ಳೆಯ ಮೌಂಟಿಂಗುಗಳನ್ನು ಸಂಘವೇ ಸಗಟಾಗಿ ತರಿಸಿ ಇಡಲಿ. ಕೊಯ್ಲಿಗೆ ಮುನ್ನ ಒಂದು ದಿನ ಮೆಕ್ಯಾನಿಕ್ ಒಬ್ಬರನ್ನು ಕರೆಸಿ ಸದಸ್ಯರ ವಾಹನಗಳನ್ನು ನೋಡಿಸಲಿ. ಮುಂದಿನ ಮಹಾಸಭೆಯಲ್ಲಿ ಈ ವಿಷಯ ಎತ್ತುವವನಿದ್ದೇನೆ. ಸದಸ್ಯ ಬಾಂಧವರು ಬೆಂಬಲಿಸಬೇಕು.