ಗಾಜಿನ ತೊಟ್ಟಿಯಲ್ಲಿ ಸಿಗಡಿ ಸಾಕಣೆ: ಗ್ರಾಮದ ಮುಖಂಡರು ಗಮನಿಸತಕ್ಕ ವಿಷಯ

ದೇವನಹಳ್ಳಿಯನ್ನು ದಾಟಿ ಚಿಕ್ಕಬಳ್ಳಾಪುರದ ಕಡೆಗೆ ಹೋಗುವ ಹೆದ್ದಾರಿಯಲ್ಲಿ ದೊರೆಯುವ ಆವತಿ ಗ್ರಾಮವು ಇತಿಹಾಸಪ್ರಸಿದ್ಧವಾದುದು. ರಣಭೈರೇಗೌಡನೂ ಅವನ ಪರಿವಾರದವರೂ ಇಲ್ಲಿಯ ಬೆಟ್ಟದ ಬುಡದಲ್ಲಿ ನೆಲೆಯೂರಿದರೆಂದೂ, ಆವತಿ ನಾಡಪ್ರಭುಗಳೆಂದು ಹೆಸರಾದ ಅವನ ವಂಶಸ್ಥರು ದೇವನಹಳ್ಳಿ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಮೊದಲಾದ ಊರುಗಳನ್ನು ಕಟ್ಟಿ ಆಳಿದರೆಂದೂ ಈ ಪ್ರಾಂತದವರೆಲ್ಲರೂ ಬಲ್ಲರು. ಆ ಪ್ರಭುಗಳ ಐಶ್ವರ್ಯಕ್ಕೆ ಆಧಾರವಾಗಿದ್ದುದು ಕೆರೆಯ ನೀರು. ನಂದಿಬೆಟ್ಟದ ಆಸುಪಾಸಿನಲ್ಲಿ ಅರ್ಕಾವತಿ, ಪಿನಾಕಿನಿಗಳು ಹುಟ್ಟುವುದೇನೋ ನಿಜ. ಆದರೆ ವರ್ಷವಿಡೀ ಹರಿಯುವ ಹೊಳೆಯೊಂದೂ ಈ ಸೀಮೆಯ ಪಾಲಿಗೆ ಬಂದಿಲ್ಲ. ಮೂವತ್ತು ಅಂಗುಲಗಳ ಆಚೀಚೆ ಬೀಳುವ ಮಳೆಯನ್ನು ಏರಿ ಕಟ್ಟಿ ನಿಲ್ಲಿಸಿಕೊಂಡೇ ಹಿಂದಿನವರು ಬಾಳಿದರು.

ಈಗಿನ ಬಾಲಕನಿಗೆ ನೀರೆಂದರೆ ಕೊಳವೆಬಾವಿಯಿಂದ ಮೇಲೆ ಬಂದು ನಲ್ಲಿಯಲ್ಲಿ ಬೀಳುವ ವಸ್ತು. ಅದರಲ್ಲಿ ಜೀವವಿರುತ್ತದೆಂಬುದನ್ನು ಅವನು ಪಾಠದಲ್ಲಿ ಓದಿರಬಹುದು, ಕಣ್ಣಾರೆ ಕಂಡಿರುವುದು ಅಪರೂಪ. ಅನೇಕ ಕೆರೆಗಳು ವರ್ಷಗಟ್ಟಲೆ ಬತ್ತಿ ಜಾಲಿಯ ತೋಪುಗಳಾದುವು. ಬೆಂಗಳೂರಿನ ಕೊಳಚೆ ನೀರನ್ನು ಎರಡನೆಯ ಹಂತದವರೆಗೆ ಶುದ್ಧಿಮಾಡಿ ಹೆಬ್ಬಾಳ–ನಾಗವಾರ ಕಣಿವೆ ಯೋಜನೆಯ ಮೂಲಕ ಈ ಸೀಮೆಯ ಹಲವು ಕೆರೆಗಳಿಗೆ ಹರಿಸಲಾಗಿದೆ. ಅದು ಅಂತರ್ಜಲವನ್ನು ಹೆಚ್ಚಿಸುವುದಕ್ಕಾಗಿ ತಂದ ನೀರೇ ಹೊರತು ಮಕ್ಕಳು ಇಳಿದು ಕೈಯಾಡಿಸತಕ್ಕ ನೀರಲ್ಲ. ಇಂಥ ಸ್ಥಿತಿಯಲ್ಲಿ ಗ್ರಾಮದ ಶಾಲೆಯಲ್ಲಾಗಲಿ, ಪಂಚಾಯಿತಿ ಕಟ್ಟಡದಲ್ಲಾಗಲಿ, ಅನುಕೂಲಸ್ಥರ ಮನೆಯ ಪಡಸಾಲೆಯಲ್ಲಾಗಲಿ ಎರಡಡಿ ಉದ್ದದ ಗಾಜಿನ ತೊಟ್ಟಿಯೊಂದನ್ನಿಟ್ಟು, ಅದರಲ್ಲಿ ನೀರುಗಿಡಗಳನ್ನು ನೆಟ್ಟು, ಸಣ್ಣ ಸಿಹಿನೀರಿನ ಸಿಗಡಿಗಳನ್ನು ಸಾಕುವ ಏರ್ಪಾಡು ಬಹು ಉಪಯುಕ್ತವಾದುದೆಂದು ಧಾರಾಳವಾಗಿ ಹೇಳಬಹುದು. ಇದು ಪೇಟೆಯ ಶ್ರೀಮಂತರ ಆಟಿಕೆಯೆಂದು ಕೆಲವರು ನಗಬಹುದು. ಒಂದು ಬೆಳೆಗೆ ಔಷಧ ಹೊಡೆಯಿಸುವ ಖರ್ಚಿನ ಅಲ್ಪಾಂಶದಲ್ಲಿ ಮುಗಿಯುವ ಈ ಕೆಲಸವನ್ನು ಒಂದು ವರ್ಷ ನಡೆಯಿಸಿ ನೋಡಿದ ಮೇಲೆ ಅವರು ನಗುವರೇ ಎಂಬುದು ಸಂಶಯ.

ಈ ವಿದ್ಯೆ ಹೊಸದಲ್ಲ. 1850ರಲ್ಲಿ ರಾಬರ್ಟ್ ವಾರಿಂಗ್ಟನ್ ಎಂಬ ರಸಾಯನ ಶಾಸ್ತ್ರಜ್ಞನು ಲಂಡನ್ನಿನ ರಸಾಯನ ಸಂಘದ ಮುಂದೆ ತನ್ನ ಪ್ರಯೋಗವೊಂದನ್ನು ವಿವರಿಸಿದನು. ಗಾಜಿನ ಪಾತ್ರೆಯಲ್ಲಿ ಎರಡು ಹೊಂಬಣ್ಣದ ಮೀನುಗಳನ್ನೂ ವ್ಯಾಲಿಸ್ನೇರಿಯಾ ಎಂಬ ಉದ್ದೆಲೆಯ ನೀರುಹುಲ್ಲನ್ನೂ ಇಟ್ಟಾಗ, ಕೆಲವು ಕಾಲದ ಮೇಲೆ ಹುಲ್ಲಿನ ಹಳೆಯ ಎಲೆಗಳು ಕೊಳೆತು ನೀರು ಕೆಡುತ್ತ ಬಂತು. ಕೊಳೆತುದನ್ನು ತಿನ್ನತಕ್ಕ ಬಸವನಹುಳುಗಳನ್ನು ಬಿಟ್ಟಮೇಲೆ ಎಲ್ಲವೂ ಸಮಸ್ಥಿತಿಗೆ ಬಂದುವು. ಸಸ್ಯ, ಪ್ರಾಣಿ, ಕೊಳೆಯನ್ನು ತಿನ್ನುವ ಜೀವಿ ಈ ಮೂರೂ ಕೂಡಿದಲ್ಲದೆ ನೀರು ಬದುಕಿರಲಾರದೆಂಬುದನ್ನು ಅವನು ಹೀಗೆ ತೋರಿಸಿಕೊಟ್ಟನು. ಸಿಗಡಿಯ ತೊಟ್ಟಿಯಲ್ಲಿ ಬಸವನಹುಳುವಿನ ಉದ್ಯೋಗವನ್ನು ಬಹುಮಟ್ಟಿಗೆ ಸಿಗಡಿಯೇ ವಹಿಸಿಕೊಳ್ಳುತ್ತದೆ. ಪಾಚಿಯನ್ನೂ ಉದುರಿದ ಎಲೆಯನ್ನೂ ಹಗಲಿರುಳು ಹೆರೆದು ತಿನ್ನುತ್ತಿರುವುದೇ ಅದರ ಸ್ವಭಾವ.

ಬೇಸಾಯಗಾರನು ಈ ತೊಟ್ಟಿಯನ್ನು ಒಂದು ಪುಟ್ಟ ಹೊಲವೆಂದು ಭಾವಿಸಿದರೆ ಅದರ ಮರ್ಮವು ಸುಲಭವಾಗಿ ತಿಳಿಯುತ್ತದೆ. ಪ್ರಾಣಿಗಳ ಮಲದಿಂದಲೂ ಕೊಳೆತ ಆಹಾರದಿಂದಲೂ ಅಮೋನಿಯ ಹುಟ್ಟುತ್ತದೆ; ಅದು ಸಿಗಡಿಗೆ ವಿಷ. ಕಣ್ಣಿಗೆ ಕಾಣದ ಒಂದು ವರ್ಗದ ಸೂಕ್ಷ್ಮಜೀವಿಗಳು ಅಮೋನಿಯವನ್ನು ನೈಟ್ರೈಟ್ ಆಗಿಯೂ, ಮತ್ತೊಂದು ವರ್ಗದವು ನೈಟ್ರೈಟನ್ನು ನೈಟ್ರೇಟ್ ಆಗಿಯೂ ಮಾರ್ಪಡಿಸುತ್ತವೆ. ನೈಟ್ರೇಟನ್ನು ಗಿಡಗಳು ಹೀರಿಕೊಂಡು ಬೆಳೆಯುತ್ತವೆ. ರಾಗಿಯ ಹೊಲಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರವೂ ಯೂರಿಯವೂ ಪೈರಿಗೆ ದಕ್ಕುವುದು ಇದೇ ಮಾರ್ಗದಿಂದಲೇ. ಹೊಲದಲ್ಲಿ ಮಣ್ಣಿನೊಳಗೆ ಮರೆಯಾಗಿ ನಡೆಯುವ ವ್ಯಾಪಾರವು ಇಲ್ಲಿ ಗಾಜಿನ ಹಿಂದೆ, ಎಲ್ಲರ ಕಣ್ಣೆದುರಿಗೆ ನಡೆಯುತ್ತದೆ. ಈ ಸೂಕ್ಷ್ಮಜೀವಿಗಳು ನೆಲೆಗೊಳ್ಳುವುದಕ್ಕೆ ನಾಲ್ಕರಿಂದ ಆರು ವಾರಗಳು ಬೇಕು. ಅಷ್ಟು ದಿನ ಬರಿಯ ಗಿಡಗಳನ್ನೇ ಬೆಳೆಯಿಸುತ್ತಿರತಕ್ಕದ್ದು. ಮೊದಲ ದಿನವೇ ಸಿಗಡಿಯನ್ನು ಬಿಡುವವರ ತೊಟ್ಟಿಯಲ್ಲಿ ವಾರದೊಳಗೆ ಸಾವು ಕಾಣುವುದು ಸಾಮಾನ್ಯ. ಬಿತ್ತಿದ ದಿನವೇ ಕುಡುಗೋಲು ಹಿಡಿಯುವ ರೈತನಿಲ್ಲವಷ್ಟೆ!

ತೊಟ್ಟಿಯು ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರವಿದ್ದರೆ ಸಾಕು. ಅಂಚಿನವರೆಗೆ ತುಂಬಿದರೆ ಸುಮಾರು 56 ಲೀಟರ್ ಹಿಡಿಯುತ್ತದೆ. ಮಣ್ಣು, ಕಲ್ಲುಗಳ ಭಾರವೂ ಸೇರುವುದರಿಂದ ಅಲುಗಾಡದ ಕಲ್ಲುಜಗಲಿಯ ಮೇಲೆ ಇಡುವುದು ಮೇಲು. ಇದಕ್ಕಿಂತ ಚಿಕ್ಕದು ಅಗ್ಗವೆಂದು ತೋರಿದರೂ ಅದರ ನೀರು ಬೇಗನೆ ಕಾಯುತ್ತದೆ, ಬೇಗನೆ ಕೆಡುತ್ತದೆ. ತಳದಲ್ಲಿ ಒಂದಂಗುಲ ಮಣ್ಣು, ಅದರ ಮೇಲೆ ಚೆನ್ನಾಗಿ ತೊಳೆದ ಸಣ್ಣ ಜಲ್ಲಿಕಲ್ಲು ಒಂದಂಗುಲ. ಹೊಲಕ್ಕೆ ಕೆರೆಗೋಡು ಹೊಡೆಯುವ ರೂಢಿಯವರಿಗೆ ಇಲ್ಲಿಯೂ ಅದನ್ನೇ ಹಾಕುವ ಆಶೆ ಹುಟ್ಟಬಹುದು. ಕೊಳಚೆ ಸೇರದ, ಔಷಧದ ನೀರು ಹರಿದು ಬಾರದ ಕೆರೆಯ ಗೋಡಾದರೆ ಅಡ್ಡಿಯಿಲ್ಲ. ಸಂಶಯವಿದ್ದಲ್ಲಿ ಗೊಬ್ಬರ ಹಾಕದ ಬೇಲಿಯ ಬದಿಯ ಮಣ್ಣೇ ಕ್ಷೇಮ. ಗಿಡಗಳಲ್ಲಿ ವ್ಯಾಲಿಸ್ನೇರಿಯಾ, ಹೈಡ್ರಿಲ್ಲ ಇವೆರಡೂ ಈ ದೇಶದ ನೀರುಗಳಲ್ಲಿ ತಾವಾಗಿಯೇ ಬೆಳೆಯತಕ್ಕವು. ಆರಂಭಕ್ಕೆ ಬೇರೆ ಬೇಡ. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಮೂಡಣ ಕಿಟಕಿಯ ಪಕ್ಕ ತೊಟ್ಟಿಗೆ ಯೋಗ್ಯವಾದ ಸ್ಥಳ.

ನೀರಿನ ವಿಷಯದಲ್ಲಿ ಆವತಿಯ ಕಡೆಯವರು ಸ್ವಲ್ಪ ವಿಚಾರಮಾಡಬೇಕಾಗುತ್ತದೆ. ಕಲ್ಲುಬಂಡೆಗಳ ಆಳದಿಂದ ಬರುವ ಕೊಳವೆಬಾವಿಯ ನೀರು ಸಾಮಾನ್ಯವಾಗಿ ಗಡಸು. ಸಿಗಡಿಯು ಬೆಳೆಯುವಾಗ ಮೇಲಿನ ಚಿಪ್ಪನ್ನು ಕಳಚಿ ಹೊಸದನ್ನು ಕಟ್ಟಿಕೊಳ್ಳುವುದರಿಂದ ನೀರಿನಲ್ಲಿ ಸುಣ್ಣದ ಅಂಶವು ಇರಲೇಬೇಕು. ಆದರೆ ಮಿತಿಮೀರಿದ ಗಡಸೂ ಒಳ್ಳೆಯದಲ್ಲ. ಮನೆಯ ಮಾಳಿಗೆಯಿಂದ ಹಿಡಿದ ಶುದ್ಧವಾದ ಮಳೆನೀರನ್ನು ಕೊಳವೆಬಾವಿಯ ನೀರಿನೊಂದಿಗೆ ಸಮಸಮವಾಗಿ ಬೆರೆಸುವುದು ತಕ್ಕ ಉಪಾಯ. ಮೊದಲ ಮಳೆಯ ನೀರನ್ನು ಮಾತ್ರ ಹೊರಗೆ ಬಿಟ್ಟುಬಿಡಬೇಕು. ಕ್ಲೋರಿನ್ ಹಾಕಿದ ನಲ್ಲಿಯ ನೀರಾದರೆ ಅಗಲಬಾಯಿಯ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಉಪಯೋಗಿಸತಕ್ಕದ್ದು. ತೊಟ್ಟಿಯ ಬಾಯಿಗೆ ತೆಳುವಾದ ಬಲೆಬಟ್ಟೆಯನ್ನು ಕಟ್ಟಲು ಮರೆಯಕೂಡದು. ಸಿಗಡಿಗಳು ಸೊಳ್ಳೆಯ ಮರಿಗಳನ್ನು ಮೀನಿನಂತೆ ತಿಂದುಹಾಕಲಾರವು, ಡೆಂಗೀ ಜ್ವರಕ್ಕೆ ಆಶ್ರಯಕೊಟ್ಟ ಅಪವಾದವು ಶಾಲೆಗೆ ಬರಬಾರದು.

ಪೇಟೆಯಲ್ಲಿ ದೊರೆಯುವ ಕೆಂಪು ಚೆರ್ರಿ ಸಿಗಡಿಯು ಚೀನಾ, ತೈವಾನ್ ಕಡೆಯದು. ಒಂದಂಗುಲದ ಪ್ರಾಣಿ, ಕಷ್ಟಸಹಿಷ್ಣು. ಹತ್ತು ಹದಿನೈದನ್ನು ಬಿಟ್ಟರೆ ಸಾಕು. ಹೆಣ್ಣು ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊಟ್ಟೆಯ ಕೆಳಗೆ ಮೂರು ನಾಲ್ಕು ವಾರ ಹೊತ್ತು ತಿರುಗುತ್ತ, ತನ್ನ ಪುಟ್ಟ ಕಾಲುಗಳಿಂದ ಅವುಗಳಿಗೆ ಗಾಳಿ ಬೀಸುವಂತೆ ನೀರಾಡಿಸುತ್ತಿರುವುದನ್ನು ಮಕ್ಕಳು ಎವೆಯಿಕ್ಕದೆ ನೋಡುವರು. ಕೆಂಪು, ಹಳದಿ, ನೀಲಿ ಬಗೆಗಳನ್ನು ಒಂದೇ ತೊಟ್ಟಿಯಲ್ಲಿ ಬೆರೆಸಿದರೆ ಕೆಲವು ತಲೆಗಳಲ್ಲಿ ಮರಿಗಳೆಲ್ಲ ಮಾಸಲು ಬಣ್ಣಕ್ಕೆ ತಿರುಗುತ್ತವೆ. ದನದ ತಳಿಯನ್ನು ಕಾಪಾಡಬಲ್ಲವರಿಗೆ ಇದರ ಕಾರಣವನ್ನು ಹೇಳಬೇಕಾದುದಿಲ್ಲ.

ಇನ್ನು ಮುಖ್ಯವಾದ ವಿಷಯ. ದೇವನಹಳ್ಳಿ, ದೊಡ್ಡಬಳ್ಳಾಪುರದ ಸೀಮೆಯು ಬೆಂಗಳೂರು ನೀಲಿ ದ್ರಾಕ್ಷಿಗೆ ಹೆಸರಾದುದು. ದ್ರಾಕ್ಷಿಯ ಬೂಜುರೋಗಕ್ಕೆ ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು 1885ರ ಸುಮಾರಿನಲ್ಲಿ ಫ್ರಾನ್ಸ್ ದೇಶದಲ್ಲಿ ಕಂಡುಹಿಡಿದರು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರು ಅದೇ ದ್ರಾವಣದಿಂದ ಮಲೆನಾಡಿನ ಅಡಕೆಯ ಕೊಳೆರೋಗವನ್ನು ಹತೋಟಿಗೆ ತಂದರು. ಅದರ ಉಪಕಾರವು ನಿರ್ವಿವಾದವಾದುದು. ಆದರೆ ನೂರಕ್ಕೆ ಒಂದರ ದ್ರಾವಣದಲ್ಲಿ ಲೀಟರಿಗೆ 10 ಗ್ರಾಂ ಮೈಲುತುತ್ತವೂ ಅದರಲ್ಲಿ ಸುಮಾರು ಎರಡೂವರೆ ಗ್ರಾಂ ತಾಮ್ರವೂ ಇರುತ್ತವೆ. ಸಿಗಡಿಯ ರಕ್ತದಲ್ಲಿ ಉಸಿರನ್ನು ಹೊರುವ ವಸ್ತುವು ತಾಮ್ರದಿಂದಲೇ ಆದುದು; ಹಾಗಿದ್ದೂ ಒಂದು ಲೀಟರಿನಲ್ಲಿ ಒಂದು ಮಿಲಿಗ್ರಾಮಿಗಿಂತ ಬಹಳ ಕಡಮೆ ಕರಗಿದ ತಾಮ್ರವೇ ಅದನ್ನು ಕೊಲ್ಲಬಲ್ಲುದು. ಐದು ಮಿಲಿಲೀಟರಿನ ಚಮಚದಷ್ಟು ದ್ರಾವಣವು 50 ಲೀಟರ್ ನೀರಿಗೆ ಬಿದ್ದರೆ ಲೀಟರಿಗೆ ಕಾಲು ಮಿಲಿಗ್ರಾಂ ತಾಮ್ರ ಸೇರಿದಂತಾಯಿತು. ಸುಣ್ಣದ ದೆಸೆಯಿಂದ ಅದು ಬಹುಮಟ್ಟಿಗೆ ಕರಗದೆ ತಳಕ್ಕಿಳಿಯುವುದಾದರೂ, ತಳವನ್ನೇ ಹೆರೆದು ತಿನ್ನುವ ಪ್ರಾಣಿಗೆ ಅದರಿಂದ ಯಾವ ರಕ್ಷಣೆ? ತೋಟಕ್ಕೆ ಔಷಧ ಹೊಡೆದು ಬಂದವನು ಸೋಪಿನಿಂದ ಕೈತೊಳೆಯದೆ ತೊಟ್ಟಿಯಲ್ಲಿ ಕೈಯಿಡಕೂಡದು. ಔಷಧ ಬೆರೆಸಿದ ಬಕೆಟ್ಟಿನಲ್ಲಿ ತೊಟ್ಟಿಗೆ ನೀರು ತರಕೂಡದು.

ಕೀಟನಾಶಕಗಳದು ಇನ್ನೂ ತೀವ್ರವಾದ ಕಥೆ. ಸಿಗಡಿಯು ಕೀಟಗಳ ದೂರದ ನೆಂಟ. ಎರಡೂ ಗಂಟುಗಾಲಿನ, ಚಿಪ್ಪುಮೈಯ ಜೀವಿಗಳು. ಸೈಪರ್‌ಮೆಥ್ರಿನ್, ಕ್ಲೋರ್‌ಪೈರಿಫಾಸ್ ಮೊದಲಾದ ಔಷಧಗಳು ಕಾಯಿಕೊರಕ ಹುಳುವಿನ ನರಮಂಡಲವನ್ನು ಕೆಡಿಸುವ ಬಗೆಯಲ್ಲಿಯೇ ಸಿಗಡಿಯದನ್ನೂ ಕೆಡಿಸುತ್ತವೆ. ಅಂಗಡಿಯಿಂದ ತಂದ ಸೊಪ್ಪನ್ನು ಬೇಯಿಸಿ ಹಾಕಿದ ಮರುದಿನವೇ ತೊಟ್ಟಿಯೆಲ್ಲ ಬರಿದಾಗಬಹುದು. ಆದಕಾರಣ ಹಿತ್ತಿಲಿನ, ಔಷಧ ಕಾಣದ ಸೊಪ್ಪನ್ನೇ ಹಾಕಬೇಕು. ಅದೇ ಸೊಪ್ಪನ್ನು ಮನೆಮಂದಿಯೂ ಉಣ್ಣುವರೆಂಬ ಯೋಚನೆ ಈ ಸಂದರ್ಭದಲ್ಲಿ ಯಾರಿಗಾದರೂ ಬಂದರೆ ಅದು ತಪ್ಪೇನಲ್ಲ.

ಗ್ರಾಮದ ಮುಖಂಡರಿಗೂ ಈ ತೊಟ್ಟಿಗೂ ಇರುವ ಸಂಬಂಧವು ಇಲ್ಲಿಯೇ. ಔಷಧ ಹೊಡೆಯುವ ಪಂಪನ್ನು ಕೆರೆಯ ತೂಬಿನ ಬಳಿಯೋ, ದನ ನೀರು ಕುಡಿಯುವ ತೊಟ್ಟಿಯ ಪಕ್ಕದಲ್ಲಿಯೋ ತೊಳೆಯುವುದೂ, ಖಾಲಿ ಡಬ್ಬಗಳನ್ನು ಕಾಲುವೆಗೆ ಎಸೆಯುವುದೂ ಅನೇಕ ಊರುಗಳಲ್ಲಿ ನಡೆದುಬಂದಿವೆ. ಕೂಡದೆಂದು ಸಾರುವ ಭಿತ್ತಿಪತ್ರಗಳನ್ನು ಓದುವವರು ಕಡಮೆ, ಓದಿ ನಂಬುವವರು ಇನ್ನೂ ಕಡಮೆ. ಒಂದು ಚಮಚದ ಪ್ರಮಾಣವು 50 ಲೀಟರ್ ನೀರಿನ ಜೀವಗಳಿಗೆ ಅಪಾಯವೆಂಬುದನ್ನು ಶಾಲೆಯ ಮಕ್ಕಳು ಬಲ್ಲವರಾದರೆ, ತೂಬಿನ ಬಳಿ ಪಂಪು ತೊಳೆಯುವ ತಂದೆಯನ್ನು ತಡೆಯುವವರು ಅವರೇ ಆಗುವರು. ಇದನ್ನು ಪರೀಕ್ಷಿಸಿ ತೋರಿಸುತ್ತೇವೆಂದು ಯಾರೂ ಬೇಕೆಂದೇ ತೊಟ್ಟಿಗೆ ಔಷಧವನ್ನು ಸುರಿಯಬಾರದು; ಸಾಕಿದ ಜೀವವನ್ನು ಕೊಂದು ಕಲಿಸುವ ಪಾಠವು ಮಕ್ಕಳಿಗೆ ಬೇಡ. ಮತ್ತೊಂದು ಎಚ್ಚರಿಕೆಯೂ ಅಗತ್ಯ. ಸಿಗಡಿ ಬದುಕಿದ ಮಾತ್ರಕ್ಕೆ ಆ ನೀರು ಕುಡಿಯಲು ಯೋಗ್ಯವೆಂದು ತಿಳಿಯಬಾರದು. ಮನುಷ್ಯರ ಹಲ್ಲು ಮೂಳೆಗಳನ್ನು ಕೆಡಿಸತಕ್ಕ ಫ್ಲೋರೈಡನ್ನು ಅದು ತಿಳಿಸಲಾರದು. ನೀರಿನ ಪರೀಕ್ಷೆಯು ಪ್ರಯೋಗಶಾಲೆಯ ಕೆಲಸ.

ಲಾಭದ ಮಾತು ಬಾರದೆ ಇರದು. ಅಲಂಕಾರದ ಮೀನುಗಳ ಸಾಕಣೆಗೆ 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಸಾಮಾನ್ಯ ವರ್ಗದವರಿಗೆ ನೂರಕ್ಕೆ 40, ಮಹಿಳೆಯರಿಗೂ ಪರಿಶಿಷ್ಟರಿಗೂ ನೂರಕ್ಕೆ 60ರಂತೆ ಸಹಾಯಧನವನ್ನು ಗೊತ್ತುಮಾಡಲಾಗಿತ್ತು. ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯ ಪ್ರಾದೇಶಿಕ ಸಂಶೋಧನಾ ಕೇಂದ್ರವು ಹೆಸರಘಟ್ಟದಲ್ಲಿಯೇ ಇರುವುದರಿಂದ ಸಲಹೆಗೆ ದೂರ ಹೋಗಬೇಕಾಗಿಯೂ ಇಲ್ಲ. ಆದರೂ ಒಂದು ತೊಟ್ಟಿಯನ್ನು ಒಂದು ಬೇಸಗೆ, ಒಂದು ಮಳೆಗಾಲ ದಾಟಿಸದವರು ಇದಕ್ಕೆ ಬಂಡವಾಳ ಹಾಕುವುದು ವಿವೇಕವಲ್ಲ. ನಗರವು ಸಮೀಪವೆಂಬ ಒಂದೇ ಕಾರಣದಿಂದ ಸರಕು ಮಾರಾಟವಾಗದು; ಟೊಮೇಟೊ ಬೆಳೆದವರು ಇದನ್ನು ಬಲ್ಲರು.

ಹೆಚ್ಚಾದ ಸಿಗಡಿಯನ್ನಾಗಲಿ ಗಿಡವನ್ನಾಗಲಿ ಕೆರೆಗೆ ಬಿಡುವುದನ್ನು ಮುಖಂಡರು ಖಂಡಿತವಾಗಿ ನಿಷೇಧಿಸಬೇಕು. ದಕ್ಷಿಣ ಅಮೆರಿಕದಿಂದ ಹೂವಿನ ಚೆಲುವಿಗಾಗಿ ತಂದ ನೀಲಿ ಹೂವಿನ ನೀರುಕಳೆಯು, ಜನರು ಅಂತರಗಂಗೆಯೆಂದೇ ಕರೆಯುವ ಅದು, ಬೆಂಗಳೂರಿನ ಕೆರೆಗಳನ್ನು ಮುಚ್ಚಿದುದನ್ನು ಎಲ್ಲರೂ ಕಂಡಿದ್ದಾರೆ. ಗಾಜನ್ನು ನೆಕ್ಕಿ ಶುಚಿಮಾಡುವುದೆಂದು ತಂದ ಸಕ್ಕರ್ ಮೀನು ತೊಟ್ಟಿಗಳಿಂದ ಹೊರಬಿದ್ದು ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಸಂತಾನ ಹೆಚ್ಚಿಸಿಕೊಂಡಿದೆ. ಚೆರ್ರಿ ಸಿಗಡಿಯೂ ಜಪಾನ್, ಹವಾಯಿಗಳ ನೀರುಗಳಲ್ಲಿ ಹೀಗೆಯೇ ನೆಲೆಯೂರಿದೆ. ಹೆಚ್ಚಾದುದನ್ನು ಪಕ್ಕದ ಶಾಲೆಗೆ ಕೊಡಬಹುದು. ಕತ್ತರಿಸಿದ ಗಿಡವನ್ನು ಬಿಸಿಲಿನಲ್ಲಿ ಒಣಗಿಸಿ ತಿಪ್ಪೆಗೆ ಹಾಕಬಹುದು. ಬದಲಾಯಿಸಿದ ನೀರನ್ನು ಮೋರಿಗೆ ಚೆಲ್ಲದೆ ಅಂಗಳದ ಚಕ್ಕೋತದ ಬುಡಕ್ಕೆ ಹೊಯ್ದರೆ ಗಿಡಕ್ಕೆ ಒಳ್ಳೆಯ ಗೊಬ್ಬರ.

ಶಾಲೆಗೆ ತೊಟ್ಟಿಯನ್ನು ಕೊಡುವ ಜಮೀನುದಾರರು ಬೇಸಗೆಯ ರಜೆಯ ಏರ್ಪಾಡನ್ನೂ ಮೊದಲೇ ಯೋಚಿಸಬೇಕು. ಗಿಡಗಳು ಚೆನ್ನಾಗಿ ಬೆಳೆದಿದ್ದರೆ ಸಿಗಡಿಗಳು ವಾರಗಟ್ಟಲೆ ಆಹಾರ ಹಾಕದಿದ್ದರೂ ಪಾಚಿಯಿಂದಲೇ ಬದುಕಿಕೊಳ್ಳುತ್ತವೆ. ಬಿಸಿಲೊಂದೇ ಅವುಗಳ ವೈರಿ. ನೀರು 30 ಡಿಗ್ರಿ ಮೀರಿದರೆ ಬಳಲುತ್ತವೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಶಾಲೆಯ ಬೀಗದ ಕೈಯನ್ನು ಸಮೀಪದ ಮನೆಯವರೊಬ್ಬರ ವಶದಲ್ಲಿಟ್ಟು, ಮಧ್ಯಾಹ್ನ ತೊಟ್ಟಿಯ ಹೊರಮೈಗೆ ಒದ್ದೆಯ ಗೋಣಿಬಟ್ಟೆಯನ್ನು ಹೊದಿಸುವುದಕ್ಕೂ, ಎರಡು ಮೂರು ದಿನಗಳಿಗೊಮ್ಮೆ ಆವಿಯಾದಷ್ಟು ಮಳೆನೀರನ್ನು ಮೆಲ್ಲಗೆ ಹೊಯ್ಯುವುದಕ್ಕೂ ಗೊತ್ತುಮಾಡತಕ್ಕದ್ದು.