ಕಡಲ ಕೆಲಸವೂ ದಡದ ಮುಂದಾಲೋಚನೆಯೂ

ಮಲ್ಲತ್ತಹಳ್ಳಿಯ ವಾಚಕರಿಗೆ ಸಮುದ್ರವು ದೂರವೆನಿಸಬಹುದು. ಆದರೆ ಹಾಸನದ ಮಾರ್ಗವಾಗಿ ಬೆಂಗಳೂರಿಗೆ ಕೊಳವೆಯಲ್ಲಿ ಬರುವ ಎಣ್ಣೆಗೆ ಮಂಗಳೂರಿನ ಕಡಲೇ ಹೆಬ್ಬಾಗಿಲು. 2021ನೆಯ ಮೇ ತಿಂಗಳ ತೌಕ್ತೆ ಚಂಡಮಾರುತದಲ್ಲಿ ಅಲ್ಲಿನ ಎಣ್ಣೆಹಡಗುಗಳ ಲಂಗರು ಕೆಲಸಕ್ಕಿದ್ದ ‘ಅಲಯನ್ಸ್’ ಟಗ್ಗು ಮಗುಚಿ ಪ್ರಾಣಹಾನಿಯಾಯಿತು. ‘ಕೋರಮಂಡಲ್ ಸಪೋರ್ಟರ್’ ನೌಕೆಯ 9 ಮಂದಿ ಬಂಡೆಗಳ ನಡುವೆ ಸಿಲುಕಿ ಕೂದಲೆಳೆಯಲ್ಲಿ ಪಾರಾದರು. ಮುಂಬಯಿಯ ಬಳಿ 261 ಮಂದಿಯಿದ್ದ ಪಿ-305 ಬಾರ್ಜು ಮುಳುಗಿತು.

ಹವಾಮಾನ ಇಲಾಖೆಯ ಮುನ್ನೆಚ್ಚರಿಕೆ ದಿನಗಳ ಮೊದಲೇ ಬಂದಿದ್ದಿತು. ಕೆಲಸವಿಲ್ಲದ ದಿನವೂ ನೌಕೆಯ ಬಾಡಿಗೆ ಏರುವುದರಿಂದ ಹಿಂದಕ್ಕೆ ಕರೆಸಲು ಲೆಕ್ಕಪತ್ರದವರಿಗೆ ಮನಸ್ಸು ಬಾರದು. ಆದರೆ ನೌಕೆಯೇ ಮುಳುಗಿದ ಮೇಲೆ ಉಳಿಸಿದ ಬಾಡಿಗೆಯಿಂದ ಬಂದ ಲಾಭವೇನು? ಯಾವ ಸೂಚನೆಗೆ, ಯಾರ ಆಜ್ಞೆಯಿಂದ, ಯಾವ ಬಂದರಿಗೆ ಮರಳತಕ್ಕದ್ದೆಂಬುದನ್ನೂ ಅದರ ವೆಚ್ಚವನ್ನೂ ಗುತ್ತಿಗೆಯಲ್ಲಿಯೇ ಬರೆದಿಡತಕ್ಕದ್ದು. ಕೂಲಿಯವನ ಪ್ರಾಣವನ್ನು ಪಣವಿಟ್ಟು ಗಳಿಸಿದ್ದು ದಕ್ಷತೆಯಲ್ಲ, ಜೂಜು.