ವಾಡೆಯ ದಫ್ತರ

ಇಂಗ್ಲಂಡಿನ ಹಳ್ಳಿಗಾಡಿನ ಹಿರಿಮನೆಗಳ ಚರಿತ್ರೆಯು ನಮ್ಮ ವಿದ್ಯಾರ್ಥಿಗಳಿಗೆ ದೂರದ ಕಥೆಯೆನಿಸಬೇಕಾಗಿಲ್ಲ. ವಿಜಯಪುರ ಸೀಮೆಯ ದೇಸಾಯಿ, ದೇಶಮುಖ, ನಾಡಗೌಡರ ವಾಡೆಗಳೂ ಹೆಚ್ಚುಕಡಿಮೆ ಅಂಥವೇ. ವಾಡೆಯೆಂದರೆ ಬರಿಯ ವಾಸಸ್ಥಾನವಲ್ಲ; ಅದು ಕಂದಾಯದ ಕಚೇರಿ, ವ್ಯಾಜ್ಯ ತೀರುವ ಚಾವಡಿ, ಪುರಾಣ ಕೇಳುವ ಪಡಸಾಲೆ; ಪೈಲವಾನರಿಗೂ ಬಯಲಾಟದ ಮೇಳಗಳಿಗೂ ಆಶ್ರಯ. ಆ ಹೆಬ್ಬಾಗಿಲ ಹೊರಗೆಯೇ ದುಡಿದು ಬಾಳು ಸವೆಸಿದವರೂ ಅಸಂಖ್ಯರು.

ಎರಡೂ ಕಡೆ ಮನೆಯನ್ನು ಎತ್ತಿ ಹಿಡಿದದ್ದು ಭೂಮಿಯ ಉತ್ಪನ್ನ. ಅದು ಕೈಬಿಟ್ಟಾಗ ಗೋಡೆಗಳೂ ಸಡಿಲಿದವು. ಆಂಗ್ಲರು 1937ರ ಕಾಯದೆಯಿಂದ ಒಂದು ದಾರಿ ಕಂಡುಕೊಂಡರು: ಮನೆತನದವರು ಮನೆಯನ್ನು ನ್ಯಾಶನಲ್ ಟ್ರಸ್ಟಿಗೆ ಒಪ್ಪಿಸಿ, ತಾವು ಅಲ್ಲಿಯೇ ಇರಬಹುದಾಯಿತು. ನಮ್ಮಲ್ಲಿ 1950ರ ಮುಂಬಯಿ ಕಾಯದೆಯು ಪರಗಣೆ, ಕುಲಕರ್ಣಿ ವತನಗಳನ್ನು ರದ್ದುಗೊಳಿಸಿತು. 1974ರ ಭೂಸುಧಾರಣೆಯು ಗೇಣಿದಾರನನ್ನು ಹೊಲದ ಒಡೆಯನನ್ನಾಗಿಸಿತು. ಇದು ನ್ಯಾಯವೇ ಆಯಿತು, ಇದಕ್ಕಾಗಿ ಮರುಗಬೇಕಾದುದಿಲ್ಲ. ಕಾಯದೆಗೆ ಮುನ್ನವೇ ದಾರಿ ತೋರಿದವರೂ ಉಂಟು. 1906ರಲ್ಲಿ ತೀರಿಕೊಂಡ ಶಿರಸಂಗಿಯ ಲಿಂಗರಾಜ ದೇಸಾಯಿಯವರು ತಮ್ಮ ಆಸ್ತಿಯನ್ನು ಮೃತ್ಯುಪತ್ರದ ಮೂಲಕ ವಿದ್ಯೆಗೆ ಮೀಸಲಿಟ್ಟರು. ಬೆಳಗಾವಿಯ ಲಿಂಗರಾಜ ಕಾಲೇಜು ಇಂದಿಗೂ ಅವರ ಹೆಸರನ್ನು ಹೊತ್ತಿದೆ.

ಮರುಗಬೇಕಾದುದು ಬೇರೊಂದಿದೆ. ವಾಡೆಯ ಅಟ್ಟದ ಮೇಲೆ ಕೆಂಪು ಬಟ್ಟೆಯಲ್ಲಿ ಕಟ್ಟಿಟ್ಟ ದಫ್ತರಗಳು ಗೆದ್ದಲಿಗೆ ಆಹಾರವಾಗುತ್ತಿವೆ; ಕೆಲವು ರದ್ದಿಯ ತಕ್ಕಡಿಯನ್ನೂ ಏರಿವೆ. ಅವುಗಳಲ್ಲಿ ಬಹಳಷ್ಟು ಮೋಡಿ ಲಿಪಿಯವು. ಅದನ್ನು ಓದಬಲ್ಲವರು ವಿರಳರಾಗಿದ್ದಾರೆ. ಯಾರ ಹೊಲ ಯಾರ ಪಾಲಾಯಿತು, ಬರಗಾಲದಲ್ಲಿ ಕಾಳು ಯಾರಿಗೆ ದೊರೆಯಿತು, ಯಾರಿಗೆ ದೊರೆಯಲಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಎಲ್ಲಿದೆ?

ಮನಗೂಳಿಯನ್ನೇ ನೋಡಿರಿ. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿಯ ಕಲಿದೇವರ ದೇಗುಲಕ್ಕೆ ಸಂದ ದತ್ತಿಗಳು ಕಲ್ಲಿನ ಮೇಲೆ ನಿಂತವು. ಫ್ಲೀಟ್ ಸಾಹೇಬರು ಆ ಶಾಸನಗಳನ್ನು ಎಪಿಗ್ರಾಫಿಯಾ ಇಂಡಿಕಾದಲ್ಲಿ ಪ್ರಕಟಿಸಿದರು. ಹೀಗೆ ಬಿಜ್ಜಳನ ಕಾಲದ ಮನಗೂಳಿಯನ್ನು ನಾವು ಬಲ್ಲೆವು. ನಮ್ಮ ಮುತ್ತಜ್ಜರ ಕಾಲದ ಮನಗೂಳಿಯನ್ನು ಅಷ್ಟು ಬಲ್ಲೆವೆ? ಕಲ್ಲು ಕಾಯ್ದುಕೊಟ್ಟಿತು, ಕಾಗದ ಕಾಯಲಾರದು.

ದಾಖಲೆ ಉಳಿಸುವುದೆಂದರೆ ಒಡೆಯರ ಸ್ತುತಿಪಾಠವಲ್ಲ. 2020ರಲ್ಲಿ ನ್ಯಾಶನಲ್ ಟ್ರಸ್ಟು, ತನ್ನ ವಶದಲ್ಲಿರುವ 93 ಸ್ಥಳಗಳಿಗೆ ವಸಾಹತು ಆಳಿಕೆಯೊಡನೆಯೂ ಗುಲಾಮಗಿರಿಯೊಡನೆಯೂ ಇದ್ದ ನಂಟನ್ನು ತಾನೇ ಹೊರಗೆಡಹಿತು. ಅದರಿಂದ ಕೆಲವರಿಗೆ ಮುನಿಸು ಬಂದುದು ನಿಜ. ಆದರೆ ಕಾಗದಗಳು ಉಳಿದಿದ್ದರಿಂದಲೇ ಆ ಮಾತು ಹೊರಬಿದ್ದಿತು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಅಧ್ಯಾಪಕರಲ್ಲಿ ನಮ್ಮ ವಿನಂತಿ ಇಷ್ಟೆ: ಊರ ವಾಡೆಯ ಹಿರಿಯರನ್ನು ಕಂಡು, ಅವರ ಒಪ್ಪಿಗೆ ಪಡೆದು, ದಫ್ತರಗಳ ಛಾಯಾಪ್ರತಿ ತೆಗೆಯಿಸಿರಿ, ಒಂದು ಪ್ರತಿಯನ್ನು ರಾಜ್ಯ ಪತ್ರಾಗಾರಕ್ಕೆ ತಲುಪಿಸಿರಿ. ಇಬ್ಬರು ವಿದ್ಯಾರ್ಥಿಗಳಾದರೂ ಮೋಡಿ ಕಲಿಯಲಿ. ವಾಡೆಯಲ್ಲಿ ದುಡಿದವರ ಮನೆಗೂ ಹೋಗಿ ಅವರ ನೆನಪುಗಳನ್ನು ಬರೆದುಕೊಳ್ಳಲಿ. ಗೋಡೆ ಬಿದ್ದರೆ ಮತ್ತೆ ಕಟ್ಟಬಹುದು. ಸುಟ್ಟ ದಫ್ತರವನ್ನು ಯಾವ ಕಾಯದೆಯೂ ಮರಳಿ ತರಲಾರದು.